ಶಿವದಾರದ ಗುರುತು

ಮಾಣಿಕಮ್ಮನ ಎದುರು ಮೊಮ್ಮಗನನ್ನು ದಪ್ಪ ಎನ್ನುವ ಧೈರ್ಯ ಸೇಡಂನ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಹಾಲು ಕೊಡುವ ಅನಸುಬಾಯಿ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟಳು; ಮರುದಿನದಿಂದ ಆ ಮನೆಗೆ ಬೇರೆಯವರ ಹಾಲು ಬರತೊಡಗಿತು. ಹದಿನಾಲ್ಕು ವರ್ಷದ ಸಂಗಮೇಶ ದಪ್ಪ ಇರಲಿಲ್ಲ, ಮೈ ತುಂಬಿಕೊಂಡಿದ್ದ. ಅವನು ಉಣ್ಣುತ್ತಿದ್ದದ್ದೂ ಹೆಚ್ಚಲ್ಲ, ಬೆಳೆಯುವ ಹುಡುಗ ಉಣ್ಣುವಷ್ಟು. ಬೆಳೆಯುವ ಹುಡುಗ ಉಣ್ಣುವಷ್ಟು ಎಂದರೆ ಬೆಳಿಗ್ಗೆ ಬೆಣ್ಣೆ ಮೆತ್ತಿದ ಮೂರು ರೊಟ್ಟಿ, ಡಬ್ಬಿಗೆ ಒಗ್ಗರಣೆ ಹಾಕಿದ ಚುರುಮುರಿ ಸೂಸಲ, ಶಾಲೆಯಿಂದ ಬಂದ ಕೂಡಲೇ ಮಿರ್ಚಿ ಭಜಿ, ಸೋಮವಾರ ಬಂತೆಂದರೆ ಗೋಧಿ ಹುಗ್ಗಿ, ಹುಗ್ಗಿಯ ನಡುವೆ ಕುಣಿ ತೋಡಿ ಸುರಿದ ತುಪ್ಪ. ಇದನ್ನೆಲ್ಲ ಯಾರು ಎಣಿಸಬೇಕು? ಅಡುಗೆಮನೆ ಮಾಣಿಕಮ್ಮನದು, ಒಲೆ ಮಾಣಿಕಮ್ಮನದು, ಹುಡುಗನೂ ಮಾಣಿಕಮ್ಮನವನೇ.

ಹುಡುಗನ ತಾಯಿ ರತ್ನಾಬಾಯಿ ಇರಲಿಲ್ಲವೇ ಎಂದರೆ ಇದ್ದಳು. ಆದರೆ ಬೆಳಗಿನ ರೈಲು ಹಿಡಿದು ಚಿತ್ತಾಪುರದ ಕಚೇರಿಗೆ ಹೋದರೆ ಆಕೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಆ ನೌಕರಿ ಮೊದಲು ಗಂಡ ಬಸವಂತರಾಯನದು. ೧೯೯೮ರ ಬೇಸಿಗೆಯಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೆ, ಅವನು ಕಚೇರಿಯ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಸರಕಾರ ಅನುಕಂಪದ ಆಧಾರದ ಮೇಲೆ ಹೆಂಡತಿಗೆ ಕೆಲಸ ಕೊಟ್ಟಿತು. ತಾಯಿಗೆ ಕೊಡಲು ಸರಕಾರದ ಹತ್ತಿರ ಏನಿರುತ್ತದೆ? ಮಾಣಿಕಮ್ಮನಿಗೆ ಸಿಕ್ಕಿದ್ದು ಒಂದು ಮಾತು.

ಹೆಣಕ್ಕೆ ಸ್ನಾನ ಮಾಡಿಸುವಾಗ ಬಸವಂತರಾಯನ ಕೊರಳ ಸುತ್ತ ಇದ್ದ ಕಪ್ಪನೆಯ ಒರಟು ಪಟ್ಟಿ ಎಲ್ಲರ ಕಣ್ಣಿಗೂ ಬಿತ್ತು. ಅದು ಹೊಸದಲ್ಲ. ಅವನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಮೂಡಿದ್ದು. ಆಗ ಮಾಣಿಕಮ್ಮ ಅದನ್ನು ಮಣ್ಣು ಎಂದುಕೊಂಡು ಕಡಲೆಹಿಟ್ಟು ಹಚ್ಚಿ ತಿಕ್ಕಿದ್ದಳು, ತೆಂಗಿನ ನಾರಿನಿಂದ ತಿಕ್ಕಿದ್ದಳು. ಹುಡುಗ ಅತ್ತಿದ್ದ, ಕಪ್ಪು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ, ಎಂಟನೆಯ ವರ್ಷಕ್ಕೆ ದೀಕ್ಷೆಯಾಗಿ ಇಷ್ಟಲಿಂಗ ಕಟ್ಟಿಕೊಂಡ ಹುಡುಗ, ಅದರ ಶಿವದಾರ ತಿಕ್ಕಿ ತಿಕ್ಕಿ ಹಾಗಾಗಿದೆ ಎಂದು ಮನೆಯವರೆಲ್ಲ ಒಪ್ಪಿಕೊಂಡು ಸುಮ್ಮನಾದರು. ಸಾವಿನ ದಿನ ಮನೆತನದ ಅಯ್ಯನವರಾದ ಗುರುಲಿಂಗಯ್ಯ ಅದೇ ಕಪ್ಪಿನ ಮೇಲೆ ವಿಭೂತಿ ಬಳಿಯುತ್ತ, ಇದು ಶಿವದಾರದ ಗುರುತು, ಲಿಂಗವನ್ನು ಒಂದು ಗಳಿಗೆಯೂ ಬಿಡದವನಿಗೇ ಬೀಳುವುದು, ಇವನಿಗಾಗಿ ಅಳಬೇಡಿ ಎಂದರು. ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ ಮಾಣಿಕಮ್ಮ ಆ ಮಾತು ಕೇಳಿ ನಿಂತಳು. ಮುಂದಿನ ಏಳು ವರ್ಷ ಅವಳು ಉಂಡದ್ದು, ಉಟ್ಟದ್ದು, ನಾಲ್ಕು ಜನರಲ್ಲಿ ತಲೆಯೆತ್ತಿ ಕೂತದ್ದು ಎಲ್ಲ ಆ ಮಾತಿನ ಬಲದ ಮೇಲೆ.

ಹಾಗಾಗಿ ಸಂಗಮೇಶನಿಗೆ ಹದಿಮೂರು ತುಂಬುವಾಗ ಕೊರಳಲ್ಲಿ ಅದೇ ಕಪ್ಪು ಮೂಡಿದ್ದು ಕಂಡು ಅವಳು ನಾರು ಹುಡುಕಲಿಲ್ಲ. ಅವನ ಅಂಗಿಯ ಕಾಲರು ಹಿಂದಕ್ಕೆಳೆದು ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದಳು. ಅಪ್ಪನದೇ ಕೊರಳು, ಅಪ್ಪನದೇ ಭಕ್ತಿ, ನನ್ನ ಮಗ ತಿರುಗಿ ಬಂದ ಎಂದಳು. ಹುಡುಗನಿಗೆ ನಾಚಿಕೆಯಾಗಿ ಕೊಸರಿಕೊಂಡು ಓಡಿಹೋಗುತ್ತಿದ್ದ. ಓಡುವುದು ಎಂದದ್ದು ಮರ್ಯಾದೆಗೆ. ಹತ್ತು ಹೆಜ್ಜೆಗೆ ಅವನಿಗೆ ಏದುಸಿರು ಬರುತ್ತಿತ್ತು.

೨೦೦೫ರ ಫೆಬ್ರುವರಿಯಲ್ಲಿ ಅವನ ಶಾಲೆಗೆ ಕಲಬುರಗಿಯಿಂದ ಸುಜಯ ಎಂಬ ಡಾಕ್ಟರು ಬಂದರು. ಆಚಾರ್ಯರ ಮನೆತನದ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ. ಸೂಜಿ ಇಲ್ಲ, ರಕ್ತ ಇಲ್ಲ, ಯಾರೂ ಹೆದರಬೇಡಿ ಎಂದು ಮೊದಲೇ ಹೇಳಿದ್ದರಿಂದ ಮಕ್ಕಳು ಸಾಲುಗಟ್ಟಿ ನಿಂತರು. ಅವರ ಕೈಯಲ್ಲಿ ಇದ್ದದ್ದು ಒಂದು ನೂಲಿನ ಉಂಡೆ, ಒಂದು ಕತ್ತರಿ. ಹುಡುಗನ ಎತ್ತರಕ್ಕೆ ದಾರ ಕತ್ತರಿಸುವುದು, ಅದನ್ನು ಎರಡು ಮಡಿಕೆ ಮಾಡುವುದು, ಆ ಅರ್ಧವನ್ನು ಹೊಟ್ಟೆಯ ಸುತ್ತ ತರುವುದು. ತುದಿಗೆ ತುದಿ ಮುಟ್ಟಿದರೆ ಹೋಗು ಆಡಿಕೋ. ಮುಟ್ಟದಿದ್ದರೆ ಹೊಟ್ಟೆ ಎತ್ತರದ ಅರ್ಧ ಮೀರಿದೆ, ಆ ಕಡೆ ನಿಲ್ಲು. ಆ ಕಡೆ ನಿಂತವರ ಕೊರಳು, ಕಂಕುಳು ನೋಡಿದರು. ಸಂಗಮೇಶನ ದಾರ ನಾಲ್ಕು ಬೆರಳು ಕಡಿಮೆ ಬಿತ್ತು. ಡಾಕ್ಟರು ಅವನ ಕೊರಳ ಹಿಂದೆ ಬೆರಳಾಡಿಸಿ, ಒದ್ದೆ ಹತ್ತಿಯಿಂದ ಒರೆಸಿ ನೋಡಿ, ಒಂದು ಚೀಟಿ, ಒಂದು ಫಾರಮ್ಮು ಕೊಟ್ಟರು. ಇನ್ನೂರ ಹತ್ತು ಮಕ್ಕಳಲ್ಲಿ ಹನ್ನೊಂದು ಜನರಿಗೆ ಅಂಥ ಚೀಟಿ ಸಿಕ್ಕಿತ್ತು.

ಚೀಟಿಯನ್ನು ಸಂಜೆ ರತ್ನಾಬಾಯಿ ಓದಿ ಹೇಳಿದಳು. ಕೊರಳಿನ ಈ ಕಪ್ಪು ಮಣ್ಣೂ ಅಲ್ಲ, ಚರ್ಮದ ರೋಗವೂ ಅಲ್ಲ. ಮೈಯೊಳಗೆ ಸಕ್ಕರೆ ಸರಿಯಾಗಿ ಬಳಕೆಯಾಗುತ್ತಿಲ್ಲ ಎಂಬ ಸುಳಿವು. ಹೊಟ್ಟೆಯ ಸುತ್ತಳತೆಯೂ ಅದನ್ನೇ ಹೇಳುತ್ತದೆ. ಈಗಲೇ ಹಿಡಿದರೆ ಊಟ ಆಟಗಳಿಂದ ತಿರುಗಿಸಬಹುದು, ಬಿಟ್ಟರೆ ಮುಂದೆ ಸಕ್ಕರೆ ಕಾಯಿಲೆ, ಎದೆಯ ಕಾಯಿಲೆ ಬರಬಹುದು. ಮಾರ್ಚಿ ಮೊದಲ ಶನಿವಾರ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಊರಿನ ಸರಕಾರಿ ದವಾಖಾನೆಗೆ ಕರೆತರುವುದು, ಫಾರಮ್ಮು ತುಂಬಿ ತರುವುದು. ಫಾರಮ್ಮಿನ ಕೊನೆಯ ಸಾಲು ಹೀಗಿತ್ತು: ತಂದೆಗಾಗಲಿ ತಾಯಿಗಾಗಲಿ ಸಕ್ಕರೆ ಕಾಯಿಲೆ ಅಥವಾ ಕೊರಳಲ್ಲಿ ಇಂಥ ಕಪ್ಪು ಇದೆಯೇ, ಇತ್ತೇ?

ಮಾಣಿಕಮ್ಮ ಉರಿದುಬಿದ್ದಳು. ಲಿಂಗ ಕಟ್ಟದವರಿಗೆ ಶಿವದಾರದ ಗುರುತು ಏನು ತಿಳಿಯುತ್ತದೆ, ಜನಿವಾರ ಹೆಗಲ ಮೇಲಿನದು, ಅದು ಕೊರಳನ್ನು ತಿಕ್ಕುತ್ತದೆಯೇ, ಉಣ್ಣುವ ಮಗುವಿನ ಹೊಟ್ಟೆಗೆ ದಾರ ಸುತ್ತಿ ದೃಷ್ಟಿ ಹಾಕುವ ಡಾಕ್ಟರು ಎಂಥವನು ಎಂದು ಬಾಯಿಗೆ ಬಂದದ್ದೆಲ್ಲ ಅಂದಳು. ರತ್ನಾಬಾಯಿ ಎಲ್ಲ ಮುಗಿಯಲಿ ಎಂದು ಕಾದು, ಚೀಟಿ ಮಡಚುತ್ತ ಅಂದಳು:

"ಅವರಿಗೂ ಇತ್ತಲ್ರಿ ಅತ್ತಿ."

ಅಷ್ಟೇ ಅಂದದ್ದು. ಮಾಣಿಕಮ್ಮನ ಮುಖದ ಬಣ್ಣ ಇಳಿಯಿತು.

"ನನ್ನ ಮಗ ಲಿಂಗ ಕಟ್ಟಿದಾಂವ. ಅಂವಗ ರೋಗಿಷ್ಟ ಅಂತಿಯೇನು ನೀ?"

ಅತ್ತೆ ಸೊಸೆಗೆ ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ರತ್ನಾಬಾಯಿ ಫಾರಮ್ಮಿನ ಎಲ್ಲ ಸಾಲು ತುಂಬಿ, ಕೊನೆಯದೊಂದನ್ನು ಖಾಲಿ ಬಿಟ್ಟು, ದೇವರ ಜಗಲಿಯ ಮೇಲೆ ಪೆನ್ನಿನ ಸಮೇತ ಇಟ್ಟಳು. ಹತ್ತು ವರ್ಷ ಬಾಳುವೆ ಮಾಡಿದವಳು ನಾನು, ಎಣ್ಣೆ ನೀರು ಹಾಕಿ ಬೆಳೆಸಿದವರು ನೀವು, ಆ ಸಾಲು ನಿಮ್ಮದು ಎಂದು ಹೇಳಿ ರೈಲಿಗೆ ಹೋದಳು. ಮಾರ್ಚಿ ತಿಂಗಳು ಕಚೇರಿಯಲ್ಲಿ ರಜೆಯ ಮಾತೆತ್ತುವಂತಿರಲಿಲ್ಲ. ಇತ್ತ ಸಂಗಮೇಶನೂ ಆಯಿ, ಅಂದರೆ ಅಜ್ಜಿ, ಬಂದರೆ ಮಾತ್ರ ದವಾಖಾನೆಗೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಹಟ ಹಿಡಿದ. ಅಲ್ಲಿಗೆ ಎಲ್ಲವೂ ಮುದುಕಿಯ ಕೊರಳಿಗೇ ಬಂತು.

ಮಾಣಿಕಮ್ಮ ಕೈಕಟ್ಟಿ ಕೂರುವ ಜಾತಿಯಲ್ಲ. ಮೊದಲು ಹುಡುಗನ ನೂಲಿನ ಶಿವದಾರ ತೆಗೆದು ರೇಷ್ಮೆಯದು ಹಾಕಿಸಿದಳು. ರೇಷ್ಮೆ ತಿಕ್ಕುವುದಿಲ್ಲ, ವಾರದಲ್ಲಿ ಕಪ್ಪು ಇಳಿಯುತ್ತದೆ, ಆಗ ಡಾಕ್ಟರನ ಬಾಯಿ ಬಂದ್ ಎಂದು ಅವಳ ಲೆಕ್ಕ. ವಾರವಾಯಿತು, ಕಪ್ಪು ಹಾಗೆಯೇ ಇತ್ತು. ಏಳು ದಿನಕ್ಕೆ ಹೋಗುವ ಭಕ್ತಿಯಲ್ಲ ಅದು ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕದ ಮುಚ್ಚಿಕೊಂಡು ದಾರದ ಪರೀಕ್ಷೆಯನ್ನು ತಾನೇ ಮಾಡಿದಳು. ಹುಡುಗನಿಗೆ ಉಸಿರು ಒಳಗೆ ಎಳೆದುಕೋ ಎಂದಳು, ತುದಿಗಾಲ ಮೇಲೆ ನಿಲ್ಲಿಸಿ ಎತ್ತರ ಅಳೆದಳು. ಇಷ್ಟೆಲ್ಲ ಕಳ್ಳಾಟ ಮಾಡಿದರೂ ಎರಡು ಬೆರಳು ಕಡಿಮೆಯೇ ಬಿತ್ತು. ದಾರವನ್ನು ಒಲೆಗೆ ಹಾಕಿದಳು.

ಮರುದಿನ ಹುಡುಗನ ಪ್ಯಾಂಟಿನ ಸೊಂಟ ಬಿಚ್ಚಿಸಿ ಹೊಲಿಸಲು ಟೇಲರ್ ಆಶಾಬಿಯ ಮನೆಗೆ ಹೋದಳು. ಆರು ತಿಂಗಳಲ್ಲಿ ಇದು ಎರಡನೆಯ ಸಲ, ಒಳಗೆ ಇನ್ನು ಬಿಡಲು ಬಟ್ಟೆಯೇ ಇಲ್ಲ ಎಂದು ಆಶಾಬಿ ತೋರಿಸಿದಳು. ಮಾತಿಗೆ ಮಾತು ಬಂದು, ಆಶಾಬಿಯ ಮಗಳಿಗೂ ಶಾಲೆಯಲ್ಲಿ ಅದೇ ಚೀಟಿ ಕೊಟ್ಟಿದ್ದಾರೆ, ಅವಳ ಕೊರಳೂ ಕಪ್ಪಾಗಿದೆ ಎಂದು ತಿಳಿಯಿತು. ಆ ಹುಡುಗಿಗೆ ಎಲ್ಲಿಯ ಶಿವದಾರ? ಆದರೆ ಆಶಾಬಿಯೇ ದಾರಿ ತೋರಿಸಿದಳು: ತಾವೀಜಿನ ಕರಿದಾರ ತಿಕ್ಕಿ ಹಾಗಾಗಿದೆ ಎಂದು ನಾವೂ ತಿಳಿದಿದ್ದೆವು, ಈಗ ಫಿಕರ್ ಹತ್ತಿದೆ, ಶನಿವಾರ ಕರೆದುಕೊಂಡು ಹೋಗುವವಳೇ ಎಂದಳು. ಮಾಣಿಕಮ್ಮ ಕೊನೆಯ ಮಾತನ್ನು ಬಿಟ್ಟು ಮೊದಲಿನದನ್ನು ಮಾತ್ರ ಕಟ್ಟಿಕೊಂಡು ಮನೆಗೆ ಬಂದಳು. ದೇವರ ದಾರ ಯಾರದಾದರೇನು, ತಿಕ್ಕುವುದು ತಿಕ್ಕುತ್ತದೆ. ಮನುಷ್ಯ ನಂಬಬೇಕೆಂದುಕೊಂಡರೆ ಎದುರಿನವರ ಸಾಕ್ಷಿಯನ್ನೂ ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾನೆ ನೋಡಿ.

ಅಷ್ಟಾದರೂ ಹುಡುಗ ಹೇಳಿದ ಒಂದು ಮಾತು ಬಗೆಹರಿಯಲಿಲ್ಲ. ಡಾಕ್ಟರು ಕಂಕುಳನ್ನೂ ಯಾಕೆ ನೋಡಿದ? ರವಿವಾರ ಮಧ್ಯಾಹ್ನ ಹುಡುಗ ಅಂಗಿ ಬಿಚ್ಚಿ ಪಡಸಾಲೆಯಲ್ಲಿ ಕೈ ಮೇಲೆತ್ತಿ ಮಲಗಿದ್ದ. ಅವಳು ಹತ್ತಿರ ಕೂತು ಬಗ್ಗಿ ನೋಡಿದಳು. ಕೊರಳಿಗಿಂತ ಕಂಕುಳೇ ಹೆಚ್ಚು ಕಪ್ಪಾಗಿತ್ತು. ಅಲ್ಲಿ ಯಾವ ದಾರವೂ ಇಲ್ಲ. ಬಸವಂತನಿಗೂ ಹೀಗೆ ಇತ್ತೇ ಎಂದು ನೆನಪು ಮಾಡಿಕೊಳ್ಳಲು ಹೋಗಿ, ನೆನಪು ಬರುವ ಮೊದಲೇ ಎದ್ದು ಅಡುಗೆಮನೆಗೆ ನಡೆದಳು.

ಸೋಮವಾರ ಗುರುಲಿಂಗಯ್ಯನವರು ಎಂದಿನಂತೆ ಪ್ರಸಾದಕ್ಕೆ ಬಂದರು. ಎಪ್ಪತ್ತು ದಾಟಿದ ಜೀವ, ಮಿತವಾಗಿ ಉಣ್ಣುವವರು, ಹುಗ್ಗಿ ಬಡಿಸಲು ಬಂದರೆ ಕೈ ಅಡ್ಡ ಹಿಡಿಯುವವರು. ಅವರ ಊಟ ಮುಗಿಯುವವರೆಗೆ ತಡೆದುಕೊಂಡಿದ್ದು, ಮಾಣಿಕಮ್ಮ ಎಲ್ಲವನ್ನೂ ಹೇಳಿದಳು. ಶನಿವಾರ ತಾವೇ ದವಾಖಾನೆಗೆ ಬರಬೇಕು, ಇದು ಶಿವದಾರದ ಗುರುತು ಎಂದು ಆ ಡಾಕ್ಟರನಿಗೆ ತಾವೇ ಹೇಳಬೇಕು, ತಮ್ಮ ಬಾಯಿಂದ ಬಂದ ಮಾತಿಗೆ ಅವನು ಏನನ್ನುತ್ತಾನೋ ನೋಡೋಣ ಎಂದಳು.

ಅಯ್ಯನವರು ಕೈ ತೊಳೆದರು. ಒರೆಸಿಕೊಂಡರು. ಹೆಗಲ ಮೇಲಿನ ಶಲ್ಯ ತೆಗೆದು ಪಕ್ಕಕ್ಕಿಟ್ಟು, ಅವಳ ಕಡೆ ಬೆನ್ನು ಮಾಡಿ ತಲೆ ಬಗ್ಗಿಸಿ ಕೂತರು.

"ನೋಡು ಮಾಣಿಕಮ್ಮ. ಎಂಟನೇ ವರ್ಷಕ್ಕ ಲಿಂಗ ಕಟ್ಟೀನಿ, ಈಗ ಎಪ್ಪತ್ನಾಕು. ಸ್ನಾನಕ್ಕೂ ತಗದಾಂವಲ್ಲ. ಎಲ್ಲಿ ಅದ ಕಪ್ಪು?"

ಅವಳು ನೋಡಿದಳು. ಸುಕ್ಕು ಇತ್ತು, ವಿಭೂತಿಯ ಬಿಳುಪು ಇತ್ತು, ದಾರ ಕೂತ ಕಡೆ ಒಂದು ಸಣ್ಣ ಗೆರೆ ಇತ್ತು. ಕಪ್ಪು ಇರಲಿಲ್ಲ. ಇಷ್ಟು ವರ್ಷ ಈ ಕೊರಳು ಸೋಮವಾರಕ್ಕೊಮ್ಮೆ ತನ್ನ ಪಡಸಾಲೆಯಲ್ಲೇ ಕೂತು ಎದ್ದು ಹೋಗಿದೆ, ತಾನು ಒಂದು ಸಲವೂ ನೋಡಿಲ್ಲ.

"ಹಂಗಾರ ಅವತ್ತ ಯಾಕ ಅಂದ್ರಿ ಅಯ್ಯಾರ?"

ಅಯ್ಯನವರು ಶಲ್ಯ ಹೊದ್ದು ತಿರುಗಿ ಕೂತರು. ಹೇಳಲು ಅವರಿಗೂ ಕಷ್ಟವಾಯಿತು, ಆದರೆ ಹೇಳಿದರು.

"ನೀ ಹಣಿ ಒಡಕೊಳ್ಳಾಕತ್ತಿದ್ದಿ. ನಿನ್ನ ನಿಂದರಸಬೇಕಿತ್ತು, ಬಾಯಿಗಿ ಬಂದದ್ದು ಅಂದೆ. ನೀ ಅದನ್ನ ಇಷ್ಟ ವರ್ಷ ಹಿಡಕೊಂಡು ಕುಂದರ್ತಿ ಅಂತ ನನಗ ಗೊತ್ತಿರಲಿಲ್ಲ. ತಪ್ಪು ನಂದದ. ಹುಡುಗನ್ನ ಕರಕೊಂಡು ಹೋಗು."

ಮಾಣಿಕಮ್ಮನಿಗೆ ಸಿಟ್ಟು ಬಂತು. ಅಯ್ಯನವರ ಮೇಲೆ ಬಂತು, ಸೊಸೆಯ ಮೇಲೆ ಬಂತು, ದಾರದ ಉಂಡೆ ಹಿಡಿದು ಬಂದವನ ಮೇಲೆ ಬಂತು. ಅಯ್ಯನವರಿಗೆ ಅಡ್ಡಬಿದ್ದು ಕಳಿಸಿ, ಅಡುಗೆಮನೆಯಲ್ಲಿ ಪಾತ್ರೆಗಳನ್ನು ಸದ್ದಾಗುವಂತೆ ತೊಳೆದಳು. ಸಿಟ್ಟು ಇಳಿದ ಮೇಲೆ ಬಂದದ್ದು ಅದಕ್ಕಿಂತ ಕೆಟ್ಟದ್ದು. ಆ ಕಪ್ಪು ಭಕ್ತಿಯದಾಗಿದ್ದರೆ ಅವಳು ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಶಿವನ ಮಗ ಶಿವನ ಕಡೆ ಹೋದ, ಮುಗಿಯಿತು. ರೋಗದ ಸುಳಿವಾಗಿದ್ದರೆ, ಮಗ ಅದನ್ನು ಕೊರಳಲ್ಲಿ ಹೊತ್ತುಕೊಂಡು ಇಪ್ಪತ್ತೈದು ವರ್ಷ ಅವಳ ಎದುರಿಗೇ ತಿರುಗಾಡಿದ್ದಾನೆ. ಪ್ರತಿ ಅಮಾವಾಸ್ಯೆ ಎಣ್ಣೆ ಹಚ್ಚುವಾಗ ಅವಳ ಕೈ ಅದರ ಮೇಲೆ ಓಡಾಡಿದೆ. ಅದೇ ಕೈಯಿಂದ ಹುಗ್ಗಿ ಬಡಿಸಿದ್ದಾಳೆ. ಹೌದು ಎಂದರೆ ಮಗ ಇನ್ನೊಮ್ಮೆ ಸಾಯುತ್ತಾನೆ, ಈ ಸಲ ಅವಳೆದುರಿಗೆ, ಸುಮ್ಮನಿರಿಸುವ ಮಾತಿಲ್ಲದೆ.

ಸಂಜೆ ಸಂಗಮೇಶ ತಾಟಿನ ಮುಂದೆ ಕೂತು ಹುಗ್ಗಿಯಲ್ಲಿ ತಾನೇ ಕುಣಿ ತೋಡಿ ಕಾದ. ಅವಳು ತುಪ್ಪ ತಂದಿರಲಿಲ್ಲ. ಆಯಿ, ತುಪ್ಪ ಎಂದ. ತೀರಿದೆ ಎಂದಳು. ತುಪ್ಪದ ಡಬ್ಬಿ ಅವನ ಎದುರಿನ ಗೋಡೆಯ ಮಾಡದಲ್ಲೇ ಇತ್ತು, ಮುಚ್ಚಳದ ಮೇಲೆ ಹೊಸ ಜಿಡ್ಡು ಕಾಣುತ್ತಿತ್ತು. ಹುಡುಗ ಡಬ್ಬಿ ನೋಡಿದ, ಆಯಿಯ ಮುಖ ನೋಡಿದ, ಮತ್ತೆ ಕೇಳದೆ ಉಂಡ. ಆ ಹೊತ್ತಿಗೆ ಒಳಗೆ ಬಂದ ರತ್ನಾಬಾಯಿಗೆ ಮಾಣಿಕಮ್ಮ, ನೀನು ರಜೆ ಕೇಳಬೇಡ, ಶನಿವಾರ ನಾನೇ ಒಯ್ಯುತ್ತೇನೆ ಎಂದಳು. ಫಾರಮ್ಮಿನ ಸುದ್ದಿ ಇಬ್ಬರೂ ಎತ್ತಲಿಲ್ಲ.

ಶನಿವಾರ ದವಾಖಾನೆಯ ಬೆಂಚಿನ ಮೇಲೆ ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಬಂದು ಕೂತಿದ್ದರು. ಮಾರ್ಚಿಯ ಬಿಸಿಲು ಎಂಟು ಗಂಟೆಗೇ ಚುರುಗುಡುತ್ತಿತ್ತು. ಸಂಗಮೇಶ ಮಾತ್ರ ಅಂಗಿಯ ಕೊನೆಯ ಗುಂಡಿಯವರೆಗೆ ಹಾಕಿಕೊಂಡು ಕಾಲರು ಮೇಲೆತ್ತಿಕೊಂಡಿದ್ದ. ಓಣಿಯೆಲ್ಲ ತೋರಿಸಿದ ಕೊರಳನ್ನು ಅವನು ಈಗ ಮುಚ್ಚಿಕೊಂಡು ಕೂತದ್ದು ನೋಡಿ ಮಾಣಿಕಮ್ಮ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಆಶಾಬಿ ಮಗಳ ಜೊತೆ ಮೊದಲೇ ಬಂದು ಒಳಗೆ ಹೋಗಿ ಬಂದಿದ್ದಳು.

ಇವರ ಸರದಿ ಬಂತು. ಡಾಕ್ಟರು ಸುಜಯ ಎದ್ದು ನಿಂತು ಕುರ್ಚಿ ಎಳೆದು ಕೊಟ್ಟರು. ಹುಡುಗನ ಕೊರಳು ಇನ್ನೊಮ್ಮೆ ನೋಡಿದರು, ದಾರ ಇನ್ನೊಮ್ಮೆ ಸುತ್ತಿದರು. ಫಾರಮ್ಮು ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದು ನಿಂತರು. ತಂದೆ ಎದೆನೋವಿನಿಂದ ತೀರಿಕೊಂಡಿದ್ದಾರೆ, ಸಕ್ಕರೆ ಪರೀಕ್ಷೆ ಯಾವತ್ತೂ ಮಾಡಿಸಿಲ್ಲ ಎಂದು ಬರೆದಿದೆ, ಕೊರಳಿನ ಮಾತಿಗೆ ಮಾತ್ರ ಉತ್ತರವಿಲ್ಲ ಎಂದರು. ಅವರು ಬಿಡಿಸಿ ಹೇಳಿದರು: ಹೊಟ್ಟೆ, ಕೊರಳು ಎರಡೇ ಗುರುತು ಇದ್ದವರಿಗೆ ಊಟದ ಸಲಹೆ ಕೊಟ್ಟು ಆರು ತಿಂಗಳ ಮೇಲೆ ಮತ್ತೆ ನೋಡುತ್ತೇವೆ. ಮನೆತನದಲ್ಲೂ ಇದ್ದರೆ ತಡ ಮಾಡುವಂತಿಲ್ಲ, ಇವತ್ತೇ ರಕ್ತ ತೆಗೆದು ಸಕ್ಕರೆ, ಕೊಬ್ಬು ಎಲ್ಲ ನೋಡಬೇಕು, ತಿಂಗಳಿಗೊಮ್ಮೆ ಕಲಬುರಗಿಗೆ ಕರೆಸಬೇಕು.

"ಇವನ ಅಪ್ಪಗ ಕೊಳ್ಳಾಗ ಹಿಂಗ ಇತ್ತೇನ್ರಿ ಆಯಿ? ನೆನಪದ ಏನು?"

ಇಲ್ಲ ಎಂದರೆ ಮುಗಿಯುತ್ತಿತ್ತು. ಮಣ್ಣಾದವನ ಕೊರಳನ್ನು ಯಾರು ತೆಗೆದು ನೋಡುತ್ತಾರೆ? ಅಯ್ಯನವರು ಇಲ್ಲಿಲ್ಲ, ಸೊಸೆ ಚಿತ್ತಾಪುರದಲ್ಲಿದ್ದಾಳೆ. ಬಸವಂತ ಏಳು ವರ್ಷ ಎಲ್ಲಿದ್ದನೋ ಅಲ್ಲೇ ಇರುತ್ತಿದ್ದ. ಪಕ್ಕದಲ್ಲಿ ಸಂಗಮೇಶನ ಹಸಿದ ಹೊಟ್ಟೆ ಗುರ್ ಎಂದಿತು. ಅವನು ನಾಚಿಕೊಂಡು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ.

"ಇತ್ತರಿ," ಎಂದಳು ಮಾಣಿಕಮ್ಮ.

"ಯಾವಾಗಿಂದ?"

"ಒಂಬತ್ತನೇ ಇಯತ್ತಿ ಇದ್ದಾಗಿಂದ. ಸಾಯೋ ತನಕ. ಕಂಕುಳಾಗೂ ಇತ್ತು."

ಡಾಕ್ಟರು ಮನಸ್ಸಿನಲ್ಲೇ ವರ್ಷ ಎಣಿಸಿದರು. ಬೈಯುವ ದನಿಯಲ್ಲಿ ಕೇಳಲಿಲ್ಲ, ಬರೆದುಕೊಳ್ಳಬೇಕಾದ್ದನ್ನು ಕೇಳಿದಂತೆ ಕೇಳಿದರು.

"ಇಷ್ಟ ವರ್ಷ ಯಾರೂ ನೋಡಲಿಲ್ಲೇನ್ರಿ?"

"ಎಲ್ಲಾರೂ ನೋಡೀವ್ರಿ," ಎಂದಳು ಅವಳು. "ನೋಡಿ ಕೈ ಮುಗದೀವಿ."

ಡಾಕ್ಟರು ಕೊನೆಯ ಸಾಲಿನಲ್ಲಿ ಹೌದು ಎಂದು ಬರೆದು, ಹುಡುಗನನ್ನು ರಕ್ತ ಕೊಡಲು ಒಳಗೆ ಕಳಿಸಿದರು.